ಏರಿದ ನೀರು ಯಾರದು

ಕಲ್ಹೇರ್ ಹತ್ತಿರ, ಆಯಿಯ ಊರು
22-9-2011

ಅಪ್ಪಾ,

ಮೊನ್ನೆ ನೀವು ಶಿವಾಜಿ ಮಾವನ ಫೋನಿನಲ್ಲಿ ಮಾತಾಡುತ್ತಿದ್ದಾಗ ಅದು ತಾನಾಗಿ ಕಟ್ ಆಗಲಿಲ್ಲ. ಕಟ್ ಮಾಡಿದವಳು ನಾನು. ಸಿಗ್ನಲ್ ಇರಲಿಲ್ಲ ಎಂದು ಮಾವ ನಿಮಗೆ ಹೇಳಿರಬಹುದು. ಅದು ಅವನ ಮಾತು, ನನ್ನದಲ್ಲ.

ಫೋನಿನಲ್ಲಿ ನೀವು ಪ್ರಶ್ನೆ ಕೇಳುತ್ತೀರಿ, ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ "ಹೇಳು, ಹೇಳು" ಅನ್ನುತ್ತೀರಿ. ಮಾರ್ಚ್ ತಿಂಗಳ ಹತ್ತನೇ ತರಗತಿ ಪರೀಕ್ಷೆಗೆ ಕೂಡುತ್ತೀಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು ಅಂದಿರಿ. ಒಂದೇ ಮಾತಿನಲ್ಲಿ ಹೇಳುವಂಥದ್ದು ನನ್ನ ಹತ್ತಿರ ಇಲ್ಲ. ಕಾಗದದ ಮೇಲಾದರೆ ಸ್ವಲ್ಪ ಹೊತ್ತು ತಪ್ಪಾಗಿಯೇ ಇರಬಹುದು, ಯಾರೂ ಅಡ್ಡ ಬರುವುದಿಲ್ಲ. ಅದಕ್ಕೇ ಪತ್ರ. ಕನ್ನಡ ಅಕ್ಷರ ತಿದ್ದಿಸಿದವರು ನೀವೇ. ತೆಲುಗು ಶಾಲೆಯಲ್ಲಿ ಓದಿದವಳ ಕಾಗುಣಿತ ತಪ್ಪಿದ್ದರೆ ಕೆಂಪು ಗೆರೆ ಎಳೆದುಕೊಳ್ಳಿ, ಆದರೆ ವಾಪಸ್ ಕಳಿಸಬೇಡಿ.

ಬಸ್ಸು ನಿಂತಿವೆ. ಈ ಪತ್ರವನ್ನು ಜಹೀರಾಬಾದಿಗೆ ಹೋಗುವ ಜೀಪಿನವನ ಕೈಗೆ ಕೊಡುತ್ತೇನೆ, ಅಲ್ಲಿ ಡಬ್ಬಿಗೆ ಹಾಕುತ್ತಾನಂತೆ. ತಾಂಡೂರಿಗೆ ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ. ತೆಲಂಗಾಣ ರಾಜ್ಯ ಬೇಕೆಂದು ಮುಷ್ಕರ ಮಾಡುತ್ತಿರುವವರು ನೀವೇ, ತಡವಾದರೆ ನನ್ನನ್ನು ಬೈಯಬೇಡಿ.

ಜಹೀರಾಬಾದಿನ ಹೊಲಿಗೆ ಅಂಗಡಿ ಯಾಕೆ ಬಿಟ್ಟೆ ಎಂದು ಕೇಳಿದ್ದಿರಿ. ಕುಪ್ಪಸವನ್ನು ನಾವೇ ತಪ್ಪು ಕತ್ತರಿಸಿದ್ದೆವು. ಅಕ್ಕಾ, ನಿನ್ನ ಭುಜ ಸೊಟ್ಟಗಿಲ್ಲ, ನಮ್ಮ ಕತ್ತರಿ ಸೊಟ್ಟ ಹೋಗಿದೆ ಎಂದು ಗಿರಾಕಿಗೆ ಹೇಳಿದೆ. ಅಂದೇ ಸಂಜೆ ಮಾಲೀಕ ನನಗೆ ಬೇರೆ ಕೆಲಸ ನೋಡಿಕೋ ಅಂದ. ಈಗ ಅವ್ವನ ತವರಲ್ಲಿ, ಆಯಿಯ ಮನೆಯಲ್ಲಿದ್ದೇನೆ, ಹೊಲಕ್ಕೆ ಹೋಗುತ್ತೇನೆ.

ಇಲ್ಲೊಂದು ಸಂಗತಿ ನನ್ನ ತಲೆಯನ್ನು ತಿನ್ನುತ್ತಿದೆ. ಇಲ್ಲಿನ ಬಾವಿ ನಿಮಗೆ ಗೊತ್ತು. ಮೂರು ಮನೆಗಳದು: ನಮ್ಮ ಮಾವ, ಸಾಯಪ್ಪ ಕಾಕಾ, ಗಂಡ ಸತ್ತ ಮೇಲೆ ಒಬ್ಬಳೇ ಒಕ್ಕಲುತನ ಮಾಡುವ ಉಮಾಬಾಯಿ. ಮೂರು ಮನೆಗೆ ಮೂರು ಮೋಟರ್, ದಿನಕ್ಕೊಂದು ಮನೆಯ ಪಾಳಿ. ನಿಮ್ಮ ದಿನ ನೀವು ನೀರು ಎಳೆಯಲಿಲ್ಲ ಎಂದರೆ ಆ ಪಾಳಿ ಹೋಯಿತು. ನಾಳೆಗೆ ಉಳಿಯುವುದಿಲ್ಲ, ಇನ್ನೊಬ್ಬರಿಗೆ ಕೊಡುವ ಹಾಗೂ ಇಲ್ಲ. ಇದು ಬಾವಿಯ ಕಟ್ಟಳೆ.

ಮುಷ್ಕರಕ್ಕೆ ಕಲ್ಲಿದ್ದಲ ಗಣಿ ನಿಂತ ಮೇಲೆ ಕರೆಂಟಿಗೆ ಹೊತ್ತುಗೊತ್ತಿಲ್ಲ. ಉಮಾಬಾಯಿಯ ಪಾಳಿ ಬಂದಾಗಲೆಲ್ಲ ಕರೆಂಟ್ ಇರುವುದಿಲ್ಲ. ಆಕೆಯ ಅರಿಶಿಣದ ಎಲೆ ಸುರುಳಿ ಸುತ್ತಿಕೊಂಡಿವೆ. ಅದೊಂದೇ ಆಕೆಯ ವರ್ಷದ ಬೆಳೆ. ಮಾವನ ತೊಗರಿ ಹೂವಿಗೆ ಬರುತ್ತಿದೆ, ಅದಕ್ಕೆ ಈಗ ನೀರು ಬೇಡ. ಆದರೂ ತನ್ನ ದಿನ ಕರೆಂಟ್ ಬಂದರೆ ಮಾವ ಮೋಟರ್ ಹಚ್ಚಿ ಬಾವಿಯ ಪಕ್ಕದ ಬೀಳು ನೆಲಕ್ಕೆ ನೀರು ಬಿಡುತ್ತಾನೆ. ಅಲ್ಲಿ ಕರಿಕೆ ಹುಲ್ಲು ಬಿಟ್ಟರೆ ಏನೂ ಇಲ್ಲ.

"ಮಾವಾ, ಬೀಳಿಗೆ ಯಾಕ ನೀರ್ ಬಿಡ್ತಿ?" ಎಂದೆ.

"ನಮ್ಮ ಪಾಳಿ ಅದ."

"ಬೀಳಿಗೆ ನೀರ್ ಬೇಕಾ?"

"ಪಾಳಿ ಬಿಟ್ರ ನಾಳಿ ಯಾರರ ಕೇಳ್ತಾರ, ನಿಂಗ ನೀರೇ ಬ್ಯಾಡ, ಪಾಳಿ ಯಾಕ ಅಂತ. ತಿಳೀತಾ?"

"ಇಲ್ಲ."

"ಇಷ್ಟೂ ತಿಳಿಯಂಗಿಲ್ಲಾ? ನಿಮ್ಮಪ್ಪ ಸುಮ್ನ ಹೊರಗ ನಿಂದ್ರಿಸಿಲ್ಲ ಬಿಡು ನಿನ್ನ."

ಉಮಾಬಾಯಿ ಅತ್ತ ಕಡೆಯ ಬದುವಿನ ಮೇಲೆ ನಿಂತು ಆ ನೀರನ್ನು ನೋಡುತ್ತಿದ್ದಳು. ನನ್ನನ್ನು ಕಂಡು, "ನಂಗೂ ತಿಳೀವಲ್ದವಾ" ಅಂದಳು. ಊರೆಲ್ಲ ತಿಳಿದವರೇ ಇರುವ ಕಡೆ ನನಗೊಬ್ಬಳು ಜೊತೆ ಸಿಕ್ಕಿದ್ದಾಳೆ.

ನಿಮ್ಮ ಹತ್ತಿರ ಉತ್ತರ ಕೇಳುತ್ತಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಬರೆದಿದ್ದೇನೆ, ಅಷ್ಟೇ.

ಫೋನ್ ಕಟ್ ಮಾಡಿದ ಮಗಳು,
ಬಾಲಮಣಿ


ತಾಂಡೂರು
28-9-2011

ಮಣೀ,

ಪತ್ರ ಸಿಕ್ಕಿತು. ಕೆಂಪು ಗೆರೆ ಎಳೆದಿಲ್ಲ. ಎಳೆಯುವ ಜಾಗಗಳಿದ್ದವು.

ಇದನ್ನು ಧರಣಿಯ ಡೇರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಶಿಕ್ಷಕರ ಸಂಘದಿಂದ ಇಂದು ನಮ್ಮ ಸರದಿ. ಹಿಂದೆ ಭಾಷಣ ನಡೆದಿದೆ, ಅಕ್ಷರ ಅಲುಗಿದರೆ ಅದು ಮೈಕಿನ ದೋಷ.

ಕೇಳುತ್ತಿಲ್ಲ ಎಂದೆ. ಆದರೂ ಹೇಳುತ್ತೇನೆ, ಹೇಳುವುದು ನನ್ನ ಉದ್ಯೋಗ. ನಿಮ್ಮ ಬಾವಿಯಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ನೀವು ಹಂಚಿಕೊಳ್ಳುತ್ತಿರುವುದು ದಿನವನ್ನು. ಹಂಚಿಕೊಳ್ಳಬೇಕಾದದ್ದು ನೀರನ್ನು. ಬಾವಿ ತುಂಬಿದಾಗ ಗೋಡೆಯ ಮೇಲೆ ಸುಣ್ಣದಿಂದ ಸಮ ಅಂತರದಲ್ಲಿ ಗೆರೆ ಎಳೆಯಿರಿ. ಮೇಲಿನ ಗೆರೆಯಿಂದ ಎರಡನೆಯದರವರೆಗೆ ಒಂದು ಮನೆ, ಅಲ್ಲಿಂದ ಕೆಳಗಿನದರವರೆಗೆ ಇನ್ನೊಂದು, ಉಳಿದದ್ದು ಮೂರನೆಯದು. ಕರೆಂಟ್ ಯಾವಾಗಲಾದರೂ ಬರಲಿ, ಯಾವಾಗಲಾದರೂ ಹೋಗಲಿ. ತನ್ನ ಗೆರೆ ಮುಟ್ಟುವವರೆಗೆ ಪಾಳಿ ಅವರದೇ. ಶಿವಾಜಿಗೆ ಓದಿ ಹೇಳು, ಅವನಿಗೂ ತಿಳಿಯುತ್ತದೆ.

ಮೊದಲು ತಲೆಯೊಳಗಿನ ಗೊಂದಲ ತೆಗೆ, ಆಮೇಲೆ ಲೆಕ್ಕ ಬಿಡಿಸು. ಇದನ್ನು ನೌಕರಿ ಸೇರಿದಾಗಿನಿಂದ ಹೇಳುತ್ತ ಬಂದಿದ್ದೇನೆ. ಹೇಳಿದ್ದನ್ನು ಕೇಳಿದ ಮಕ್ಕಳು ಇಂದು ನೌಕರಿಯಲ್ಲಿದ್ದಾರೆ.

ನಿನ್ನ ಅವ್ವ ದ್ರೌಪದಿ ಏನಾದರೂ ಬರೆಯಲು ಹೇಳಿದಳೇ ಎಂದು ಕೇಳಬೇಡ. ಅವಳು ನನ್ನೊಡನೆ ಮಾತು ಬಿಟ್ಟು ತಿಂಗಳಾಗಿದೆ. ಅಡುಗೆ ಮಾಡಿ ಇಡುತ್ತಾಳೆ. ಕಾರಣ ನಿನಗೆ ಗೊತ್ತಿದೆ.

ಪರೀಕ್ಷೆಯ ವಿಷಯ ನಾನು ಮರೆತಿಲ್ಲ.

ನರಸಿಂಹುಲು


ಆಯಿಯ ಊರು
8-10-2011

ಅಪ್ಪಾ,

ನಿಮ್ಮ ಪತ್ರವನ್ನು ಬಾವಿಯ ಕಟ್ಟೆಯ ಮೇಲೆ ಕೂತು ಮೂರು ಮನೆಯವರಿಗೂ ಓದಿ ಹೇಳಿದೆ. ಸಾಯಪ್ಪ ಕಾಕಾ ಬಹಳ ಖುಷಿಯಾದರು. "ಇದಕ್ಕ ಓದಬೇಕು ಅನ್ನೋದು. ಒಂದ ಮಾತಿನ್ಯಾಗ ಮುಗಿಸಿದ್ರು ನೋಡ್ರಿ ಮಾಸ್ತರು" ಎಂದರು. ಮಾವ ಸುಣ್ಣ ತಂದ. ನಾನೇ ಇಳಿದು ಗೆರೆ ಎಳೆದೆ. ನನಗೂ ಅಂದು ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ. ನಿಮ್ಮ ಮಗಳು ಎಂದು ಕಾಕಾ ನನಗೆ ಚಹಾ ಕೊಡಿಸಿದರು.

ಉಮಾಬಾಯಿ ಒಬ್ಬಳು ಹೂಂ ಅನ್ನಲಿಲ್ಲ. "ಛಲೋ ಕಾಣ್ತದ, ಆದ್ರ ನಂಗ ತಿಳೀವಲ್ದು" ಎಂದಳು.

"ಏನ್ ತಿಳೀವಲ್ದು ಹೇಳು" ಎಂದರು ಕಾಕಾ.

"ಅದೇ ತಿಳೀವಲ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಆದದ್ದನ್ನು ಕೇಳಿ. ಮೊದಲು ಕಾಕಾ ಎಳೆದರು, ಗೆರೆಗೆ ನಿಲ್ಲಿಸಿದರು. ಆಮೇಲೆ ಮಾವ. ಆಮೇಲೆ ಉಮಾಬಾಯಿ. ಕೆಳಗೆ ಬಾವಿ ಕಲ್ಲು ಕೊರೆದದ್ದು, ಮೇಲಿನಷ್ಟು ಅಗಲ ಇಲ್ಲ. ಗೆರೆಗಳ ಅಂತರ ಸಮ, ನೀರು ಸಮ ಅಲ್ಲ. ನನಗೆ ಕಡಿಮೆ ಬಂತು ಎಂದಳು ಉಮಾಬಾಯಿ. ಕಾಕಾ ಒಪ್ಪಲಿಲ್ಲ. ಕೆಳಗೆ ಹೋದಷ್ಟೂ ಸೆಲೆ ಜೋರಾಗಿ ಒಸರುತ್ತದೆ, ನಿನ್ನ ಮೋಟರ್ ನಮ್ಮೆಲ್ಲರದಕ್ಕಿಂತ ಹೆಚ್ಚು ಹೊತ್ತು ಓಡಿದೆ, ನಿನಗೇ ಹೆಚ್ಚು ಬಂತು ಎಂದರು. ಇಬ್ಬರೂ ಹೇಳಿದ್ದು ನಿಜ. ನಾನು ನೋಡಿದ್ದೇನೆ.

ಅಷ್ಟರಲ್ಲಿ ಆಕೆಯ ಪಾಳಿಯ ನಡುವೆ ಕರೆಂಟ್ ಹೋಯಿತು. ಮತ್ತೆ ಬರುವಷ್ಟರಲ್ಲಿ ಸೆಲೆಯ ನೀರು ಏರಿ, ಆಕೆಯ ಪಾಲು ತುಂಬಿ, ಮಾವನ ಗೆರೆ ದಾಟಿ ನಿಂತಿತ್ತು. ಈ ಏರಿದ ನೀರು ಯಾರದು? ಆಕೆಯ ಪಾಳಿಯಲ್ಲಿ ಏರಿದ್ದು, ಆಕೆಯದೇ ಅನ್ನಿ. ಮಾವನ ಗೆರೆಯೊಳಗೆ ಏರಿದ್ದು, ಮಾವನದೇ ಅನ್ನಿ. ಹೊಸ ನೀರು, ಹೊಸದಾಗಿ ಹಂಚಬೇಕು ಎಂದರು ಕಾಕಾ, ಅಂದರೆ ಮತ್ತೆ ಅವರೇ ಮೊದಲು. ಮಾವನ ಪರವಾಗಿ ಧನಲಕ್ಷ್ಮಿ ಅತ್ತೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಮೊದಲು ಪಾಳಿ ಮಾತ್ರ ಜಗಳವಾಗಿತ್ತು. ಈಗ ಬಾವಿಯ ಒಂದೊಂದು ಕಲ್ಲೂ ಜಗಳ. ಕೊನೆಗೆ ಕಾಕಾ ಬಕೆಟ್ ನೀರು ಹೊಡೆದು ಗೆರೆ ಅಳಿಸಿ, ಹಳೇ ಕಟ್ಟಳೆಯೇ ಸರಿ, ದಿನಕ್ಕೊಂದು ಪಾಳಿ ಎಂದು ಹೇಳಿ ಹೋದರು.

ಅಪ್ಪಾ, ನಾನು ಕ್ಲಾಸಿನ ಹೊರಗೆ ನಿಂತ ದಿನ ನಿಮ್ಮ ಕರಿಹಲಗೆಯ ಮೇಲೆ ಒಂದು ತೊಟ್ಟಿ ಇತ್ತು. ಒಂದು ನಳ ತುಂಬುತ್ತದೆ, ಒಂದು ನಳ ಬರಿದು ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ಯಾವಾಗ ತುಂಬುತ್ತದೆ. ಅರ್ಥ ಆಯಿತೇ ಎಂದಿರಿ. ಆಯಿತು ಸಾರ್ ಎಂದು ಕ್ಲಾಸು ಕೂಗಿತು. ನಾನು ಎದ್ದು ಇಲ್ಲ ಎಂದೆ. ಎರಡನ್ನೂ ಒಟ್ಟಿಗೆ ಯಾರಾದರೂ ಯಾಕೆ ಬಿಡುತ್ತಾರೆ ಎಂದು ಕೇಳಿದೆ. ಕ್ಲಾಸು ನಕ್ಕಿತು. ಮಾಸ್ತರ ಮಗಳೇ ಹೀಗೆ ಕೇಳಿದರೆ ನಿಮಗೆ ಅವಮಾನ. ಅರ್ಥ ಆಯಿತು ಅನ್ನುವವರೆಗೆ ಹೊರಗೆ ನಿಲ್ಲು ಎಂದಿರಿ. ನಾನು ಅನ್ನಲಿಲ್ಲ. ಮರುದಿನವೂ ನಿಂತೆ. ಆಮೇಲೆ ಶಾಲೆಗೇ ಬರಲಿಲ್ಲ.

ಬಾವಿಯಲ್ಲಿ ಎರಡೂ ಯಾವಾಗಲೂ ಒಟ್ಟಿಗೇ ನಡೆಯುತ್ತವೆ. ಸೆಲೆ ತುಂಬುತ್ತಿರುತ್ತದೆ, ಮೋಟರ್ ಎಳೆಯುತ್ತಿರುತ್ತದೆ. ನಿಮ್ಮ ಲೆಕ್ಕಕ್ಕೆ ಅರ್ಥ ಇತ್ತು. ಆ ಅರ್ಥ ನಿಮಗೂ ಗೊತ್ತಿರಲಿಲ್ಲ ಅನಿಸುತ್ತದೆ. ಗೊತ್ತಿದ್ದರೆ ನಿಮ್ಮ ಸುಣ್ಣದ ಗೆರೆಯಲ್ಲಿ ಸೆಲೆಯನ್ನು ಮರೆಯುತ್ತಿರಲಿಲ್ಲ.

ಆಕೆಯ ಅರಿಶಿಣದ ಕೆಳಗಿನ ಎಲೆ ಹಳದಿಯಾಗಿವೆ.

ಅಂದಿನ ಹಾಗೆಯೇ ಇಂದೂ ಇಲ್ಲ ಅನ್ನುವ,
ಬಾಲಮಣಿ


ತಾಂಡೂರು
14-10-2011

ಮಣಿ,

ನಾನು ಸೆಲೆಯನ್ನು ಮರೆತಿಲ್ಲ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ. ಪರಿಹಾರ ಸರಿಯಾಗಿಯೇ ಇದೆ. ಬಾವಿಯ ಅಗಲ ಬದಲಾಗುತ್ತದೆ ಎಂದು ನೀನು ಮೊದಲೇ ಬರೆದಿದ್ದರೆ ಗೆರೆಯ ಅಂತರ ಬೇರೆ ಹೇಳುತ್ತಿದ್ದೆ. ಇನ್ನು ಏರಿದ ನೀರಿನ ಮಾತು. ಅದನ್ನು ಹೀಗೆ ನೋಡಬೇಕು.

ಇದರ ಮುಂದಿನ ಸಾಲುಗಳನ್ನು ಹೊಡೆದು ಹಾಕಿದ್ದೇನೆ. ಓದಲು ಹೋಗಬೇಡ.

ಆ ಪ್ರಶ್ನೆ ಗಣಿತದ್ದಲ್ಲ, ಪಂಚಾಯಿತಿಯದು. ದೊಡ್ಡವರು ಕೂತು ಮಾತಾಡಿಕೊಳ್ಳಲಿ. ಓದು ಬಿಟ್ಟ ಹುಡುಗಿ ಮೂರು ಮನೆಯ ನೀರಿನ ನಡುವೆ ಹೋಗಬಾರದು. ಏನಾದರೂ ಹೆಚ್ಚುಕಡಿಮೆಯಾದರೆ ಅವರು ಒಂದಾಗುತ್ತಾರೆ, ಹೊರಗಿನವಳಾಗಿ ಉಳಿಯುವವಳು ನೀನು. ದೂರ ಇರು.

ನಿನ್ನೆ ಡೇರೆಗೆ ಬಂದ ಒಬ್ಬ, "ಸಾರ್, ನೀವು ಮನೆಯಲ್ಲಿ ಕನ್ನಡ ಆಡುವವರು, ನಿಮಗೇಕೆ ತೆಲಂಗಾಣ? ಗೆದ್ದ ಮೇಲೆ ನಿಮ್ಮನ್ನು ಯಾವ ಕಡೆಗೆ ಎಣಿಸುತ್ತಾರೆ?" ಎಂದು ಕೇಳಿದ. ತಕ್ಷಣ ಉತ್ತರ ಕೊಟ್ಟೆ. ಚಪ್ಪಾಳೆ ಬಿತ್ತು. ಅಷ್ಟು ಜೋರಾಗಿ ಯಾಕೆ ಹೇಳಿದೆನೋ. ಮೈಕು ಕೈಯಲ್ಲೇ ಇತ್ತು.

ಇದನ್ನು ಯಾಕೆ ಬರೆದೆ ಗೊತ್ತಿಲ್ಲ. ಶಾಲೆ ಬೇಗನೆ ತೆರೆಯುತ್ತದೆ ಎಂಬ ಮಾತಿದೆ.

ನರಸಿಂಹುಲು


ಆಯಿಯ ಊರು
23-10-2011

ಅಪ್ಪಾ,

ಹೊಡೆದ ಸಾಲು ಓದಬೇಡ ಎಂದಿರಿ. ಬೆಳಕಿಗೆ ಹಿಡಿದು ಓದಿದೆ. ಒಂದು ಕಡೆ "ಆದರೆ" ಎಂದಿತ್ತು. ಅದರ ಕೆಳಗೆ ಮತ್ತೊಂದು "ಆದರೆ". ನಿಮ್ಮ ಕೈಬರಹದಲ್ಲಿ ಆ ಶಬ್ದವನ್ನು ನಾನು ನೋಡಿರಲಿಲ್ಲ. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದರೆ ಬಾವಿಕಟ್ಟೆಯ ಮೇಲೆ ಅದನ್ನೂ ಓದಿ ಹೇಳುತ್ತಿದ್ದೆ.

ಗೊಂದಲ ತೆಗೆದು ಆಮೇಲೆ ಯೋಚಿಸು ಅನ್ನುತ್ತೀರಿ. ನನಗೆ ಅದು ಆಗುವುದಿಲ್ಲ, ಆಗುವುದೂ ಬೇಡ. ಉಮಾಬಾಯಿ ಹೇಳಿದ್ದು ನಿಜ, ಕಾಕಾ ಹೇಳಿದ್ದೂ ನಿಜ, ಎರಡೂ ಒಂದೇ ಬಾವಿಯಲ್ಲಿ ಕೂಡುವುದಿಲ್ಲ. ತಲೆ ಕೆಡುವುದು ಅಲ್ಲಿಯೇ. ತಲೆ ಕೆಟ್ಟದ್ದು ಸಾಕು ಎಂದು ಅವಸರ ಮಾಡಿದರೆ ಎರಡರಲ್ಲಿ ಒಂದು ನಿಜವನ್ನು ಬಾವಿಗೆ ಹಾಕಬೇಕಾಗುತ್ತದೆ. ನೀವು ಸೆಲೆಯನ್ನು ಹಾಕಿದಿರಿ. ಮಾವ ಅರಿಶಿಣವನ್ನು ಹಾಕಿದ್ದಾನೆ. ನಾನು ಏನನ್ನೂ ಹಾಕದೆ ಕೆಲವು ದಿನ ಸುಮ್ಮನೆ ತಲೆ ಕೆಡಿಸಿಕೊಂಡೆ. ಊಟ ಮಾಡುವಾಗಲೂ ಅದೇ. "ಈ ಪೋರಿಗಿ ಏನೋ ಮೆಟ್ಕೊಂಡದ" ಎಂದು ಅತ್ತೆ ಓಣಿಗೆಲ್ಲ ಹೇಳಿದಳು.

ಆಯಿ ಅಂಗಳದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಳು. ಅಂದು ಉಮಾಬಾಯಿ ನಮ್ಮ ಹೊಲದ ಕಳೆ ತೆಗೆಯಲು ಮುಯ್ಯಾಳಾಗಿ ಬಂದಿದ್ದಳು. ಇಂದು ಆಕೆ ನಮ್ಮ ಹೊಲಕ್ಕೆ, ನಾಳೆ ನಾವು ಆಕೆಯ ಹೊಲಕ್ಕೆ. ಇದು ನೀವು ಬಲ್ಲದ್ದೇ. ಆಗ ನನಗೆ ಒಂದು ಮಾತು ಹೊಳೆಯಿತು. ಉತ್ತರ ಅಲ್ಲ, ಇನ್ನೊಂದು ಗೊಂದಲ.

"ಆಯಿ, ಆಳಿಗೆ ಮುಯ್ಯಿ ಅದ. ನೀರಿಗೆ ಯಾಕ ಇಲ್ಲ?"

"ಇಲ್ಲಂದ್ರ ಇಲ್ಲ."

"ಯಾಕ?"

"ನಮ್ಮತ್ತಿ ಇಲ್ಲ ಅಂದಿದ್ಲು."

"ನಿಮ್ಮತ್ತಿ ಯಾಕ ಅಂದಿದ್ಲು?"

"ಹೋಗಿ ಆಕಿಗೇ ಕೇಳು, ಮ್ಯಾಲ ಕುಂತಾಳ." ಹಾಗೆ ಹೇಳಿ ಆಯಿ ಇನ್ನೊಂದು ಹಿಡಿ ಕಾಯಿ ಮೊರಕ್ಕೆ ಹಾಕಿಕೊಂಡಳು. ಮೊರದಲ್ಲಿ ಕೈ ಆಡಿಸುತ್ತ, "ಎತ್ತಿನ ಸಲುವಾಗಿ ಇರ್ಬೇಕವಾ" ಎಂದಳು. "ಆವಾಗ ಎತ್ತು ಕಟ್ಟಿ ತೊಗಲಿನ ಚೀಲದಿಂದ ನೀರ್ ಎಳೀತಿದ್ರು. ಒಬ್ಬನ ಪಾಳಿ ಇನ್ನೊಬ್ಬಗ ಕೊಟ್ರ, ಬಡವ್ರ ಮನಿ ಎತ್ತಿಗಿ ಎರಡೆರಡು ದಿನ ಹೊಡೀತಿದ್ರು. ಎತ್ತು ಸಾಯ್ತಿತ್ತು. ಅದಕ್ಕ ಯಾರ್ದು ಪಾಳಿ ಯಾರಿಗೂ ಕೊಡಬಾರ್ದು, ಒಂದಿನ ಎಳದ್ರ ಎರಡು ದಿನ ಎತ್ತಿಗಿ ಸುಸ್ತು ಆರ್ಬೇಕು ಅಂತ ಇಟ್ರು."

"ಈಗ ಎತ್ತು ಎಲ್ಲದ ಆಯಿ?"

"ಎತ್ತೆಲ್ಲಿ ಅದ. ನಿಮ್ಮ ಮಾವ ಮಾರಿ ಎಷ್ಟ್ ವರ್ಷ ಆತು." ಮೊರ ನಿಂತಿತು. "ಹೌದಲ್ಲ, ಎತ್ತೇ ಇಲ್ಲ" ಎಂದಳು.

ಇಲ್ಲದ ಎತ್ತಿಗೆ ಸುಸ್ತಾಗಬಾರದು ಎಂದು ಮೂರು ಮನೆಯವರು ಒಂದು ಬೆಳೆಯನ್ನು ಒಣಗಿಸುತ್ತಿದ್ದೆವು, ಅಪ್ಪಾ. ಕಟ್ಟಳೆ ಒಬ್ಬರಿಗೂ ತಿಳಿಯದೆ ಇರಲಿಲ್ಲ. ಎಲ್ಲರಿಗೂ ತಿಳಿದಿತ್ತು, ಅದಕ್ಕೇ ಯಾರೂ ಕೇಳಲಿಲ್ಲ.

ಮೊನ್ನೆ ನಮ್ಮ ಪಾಳಿ. ಮಾವ ನಾರಾಯಣಖೇಡದಲ್ಲಿ ರಸ್ತೆಯ ಮೇಲೆ ಒಲೆ ಹೂಡಿ ಅಡುಗೆ ಮಾಡುವ ಚಳವಳಿಗೆ ಹೋಗಿದ್ದ. ಕರೆಂಟ್ ಬಂತು. ನಾನು ಮಾವನ ಸ್ಟಾರ್ಟರ್ ಒತ್ತಿದೆ. ಬೀಳಿಗೆ ಹೋಗುವ ಕಾಲುವೆಗೆ ಹೆಂಟೆ ಅಡ್ಡ ಹಾಕಿ, ಬದು ಒಡೆದು, ನೀರನ್ನು ಉಮಾಬಾಯಿಯ ಅರಿಶಿಣಕ್ಕೆ ತಿರುಗಿಸಿದೆ.

ಉಮಾಬಾಯಿ ಓಡಿ ಬಂದಳು, ಖುಷಿಯಿಂದಲ್ಲ. "ಬ್ಯಾಡವಾ ಮಣಿ, ನಾ ಹ್ಯಾಂಗ ತೀರಿಸ್ಲಿ ಇದು?"

"ಮುಯ್ಯಿ ಅತ್ತಿ. ನಿಮ್ಮ ದಿನ ಕರೆಂಟ್ ಬಂದಾಗ ನೀವು ಕೊಡ್ರಿ."

"ನೀರಿಗೆ ಮುಯ್ಯಿ ಇಲ್ಲಲ್ಲ."

"ಯಾಕ ಇಲ್ಲ?"

ಆಕೆ ಸೀರೆ ಮೇಲೆ ಕಟ್ಟಿ ಮಡಿಯೊಳಗೆ ಇಳಿದು ನೀರು ಹಾಯಿಸತೊಡಗಿದಳು.

ಸಾಯಪ್ಪ ಕಾಕಾ ಮೋಟರಿನ ಸಪ್ಪಳ ಕೇಳಿ ಬಂದರು. "ಯಾರ ಹುಕುಂ ಮ್ಯಾಲ ತಿರುಗ್ಸಿದಿ?"

"ಹುಕುಂ ಇಲ್ರಿ ಕಾಕಾ."

"ಮತ್ತ?"

"ಬೀಳಿಗೆ ಬಿಡೋದು ಯಾಕಂತ ತಿಳೀಲಿಲ್ರಿ. ಅರಿಶಿಣಕ್ಕ ಬಿಡೋದು ಯಾಕಂತ ತಿಳೀತು. ತಿಳಿದದ್ದು ಮಾಡೀನ್ರಿ."

"ಇವತ್ತು ಕೊಟ್ಟ ನೀರು ನಾಳಿ ಹಕ್ಕು ಆಗ್ತದ. ಆಕಿ ಮಗ ದೊಡ್ಡಾವ ಆಗಿ ಎರಡು ಪಾಳಿ ನಮ್ಮವು ಅಂತಾನ. ಆವಾಗ ನೀ ಇರ್ತಿಯಾ ಇಲ್ಲಿ ಸಾಕ್ಷಿ ಹೇಳಾಕ?"

ಇಲ್ಲ ಎಂದೇ ಹೇಳಿದೆ.

ಸಂಜೆ ಮನೆಯಲ್ಲಿ ದೊಡ್ಡ ರಾದ್ಧಾಂತ. "ಮಾಸ್ತರ ಮಗಳು ಮಂದಿ ಹೊಲ ತೊಯ್ಸಾಕ ಬಂದಾಳ. ನಾಳಿ ನನ್ನ ಹಿಟ್ಟಿನ ಡಬ್ಬಿನೂ ಆ ಮನಿಗೆ ಒಯ್ತಾಳ ನೋಡ್ರಿ" ಎಂದಳು ಅತ್ತೆ. ಮಾವ ಕೂಗಾಡಲಿಲ್ಲ. ಚಪ್ಪಲಿ ಬಿಟ್ಟು ಕೂತು, "ನಿಮ್ಮಪ್ಪಗ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ಲಿ" ಎಂದಷ್ಟೇ ಹೇಳಿದ.

ನನ್ನ ಬಾಯಿಂದಲೇ ನಿಮಗೆ ಮೊದಲು ತಿಳಿಯಲಿ ಎಂದು ಇಷ್ಟು ಬರೆದೆ. ಫೋನು ಪತ್ರಕ್ಕಿಂತ ಬೇಗ ಮುಟ್ಟುತ್ತದೆ ಎಂದು ಗೊತ್ತು.

ಕೆಸರು ಕಾಲಿನ,
ಬಾಲಮಣಿ


ತಾಂಡೂರು
27-10-2011

ಬಾಲಮಣಿ,

ಶಿವಾಜಿಯ ಫೋನು ಬಂದಿತ್ತು. ನೀರು ಕದ್ದೆಯಂತೆ. ಕದ್ದೆ ಎಂಬ ಶಬ್ದ ಅವನದು, ಆದರೆ ನಾನು ಅದನ್ನು ಕೇಳಬೇಕಾಯಿತು. ದೂರ ಇರು ಎಂದು ಬರೆದಿದ್ದೆ.

ಇಷ್ಟು ಮಾಡು. ಶಿವಾಜಿಯ ಮುಂದೆ, ಸಾಯಪ್ಪನವರ ಮುಂದೆ, ತಿಳಿಯದೆ ಮಾಡಿದೆ, ತಪ್ಪಾಯಿತು ಎಂದು ಹೇಳು. ಹೇಳಿದರೆ ಎಲ್ಲ ಮುಗಿಯುತ್ತದೆ. ಬಸ್ಸು ಶುರುವಾಗಿವೆ, ಶಾಲೆಯೂ ತೆರೆದಿದೆ. ಬಂದು ಪರೀಕ್ಷೆಯ ಅರ್ಜಿ ತುಂಬು. ನೀನಾಗಿ ಬರದಿದ್ದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಮುಷ್ಕರದಲ್ಲಿ ಹೋದ ದಿನ ತುಂಬಲು ಮುಂದಿನ ವಾರ ಭಾನುವಾರವೂ ಶಾಲೆ ಇದೆ, ಅದರ ಮುಂದಿನ ಭಾನುವಾರ ಬರುತ್ತೇನೆ.

ನಿನ್ನ ಪತ್ರವನ್ನು ದ್ರೌಪದಿಗೆ ಓದಿ ಹೇಳಿದೆ. ಎತ್ತಿನ ಮಾತು ಬಂದಾಗ ನಕ್ಕಳು. ನನ್ನ ಮುಂದೆ ಅವಳು ನಕ್ಕು ಬಹಳ ದಿನವಾಗಿತ್ತು. ಆಮೇಲೆ ಎದ್ದು ಒಳಗೆ ಹೋದಳು.

ಗೆರೆಯ ಲೆಕ್ಕಕ್ಕೆಂದು ನಾನು ಬಾವಿಯ ಚಿತ್ರ ಬರೆದ ಹಾಳೆ ಇನ್ನೂ ನನ್ನ ಜೇಬಿನಲ್ಲಿದೆ. ಅದಕ್ಕೆ ಏನೂ ಅರ್ಥ ಹಚ್ಚಬೇಡ.

ನರಸಿಂಹುಲು


ಆಯಿಯ ಊರು
6-11-2011

ಅಪ್ಪಾ,

ತಪ್ಪಾಯಿತು ಎಂದು ಹೇಳಿಲ್ಲ. ಅರ್ಧ ಹೇಳಿದ್ದೇನೆ. ಕೇಳದೆ ನಿನ್ನ ಮೋಟರ್ ಮುಟ್ಟಿದ್ದು ತಪ್ಪು ಮಾವಾ ಎಂದೆ. ನೀರು ಅತ್ತ ಬಿಟ್ಟದ್ದು ಸರಿಯೋ ತಪ್ಪೋ ನನಗಿನ್ನೂ ಗೊತ್ತಾಗಿಲ್ಲ, ಗೊತ್ತಾಗುವವರೆಗೆ ಎರಡರಲ್ಲಿ ಒಂದನ್ನೂ ನನ್ನ ಬಾಯಿಂದ ಹೇಳಿಸಬೇಡ ಎಂದೆ. ಮಾವ, "ನಿಮ್ಮಪ್ಪ ನಿನ್ನ ಕೂಡ ಹ್ಯಾಂಗ ಬಾಳೇವು ಮಾಡಿದ್ನೋ" ಎಂದ. ಮಾಡಿಲ್ಲ, ಅದಕ್ಕೇ ಇಲ್ಲಿದ್ದೀನಿ ಎಂದೆ. ಅತ್ತೆಗೆ ನಗು ಬಂತು. ಸೆರಗು ಅಡ್ಡ ಹಿಡಿದಳು, ನಾನು ನೋಡಿದೆ.

ಮರುದಿನ ಉಮಾಬಾಯಿಯ ಪಾಳಿ, ಕರೆಂಟ್ ಬಂತು. ತನ್ನ ಅರಿಶಿಣಕ್ಕೆ ಅರ್ಧ ಹಾಯಿಸಿ ಉಳಿದದ್ದನ್ನು ಆಕೆ ನಮ್ಮ ಕಡೆ ತಿರುಗಿಸಿಬಿಟ್ಟಳು, ಯಾರನ್ನೂ ಕೇಳದೆ. ತೊಗರಿಗೆ ಬೇಡವಲ್ಲ, ನೀರು ಮತ್ತೆ ಅದೇ ಬೀಳಿಗೆ ಬಂದು ನಿಂತಿತು. ಅತ್ತೆ ಅದನ್ನು ಕಂಡು ಅಂಗಳದಿಂದಲೇ ಶುರು ಮಾಡಿದಳು. "ಸಾಲ ತೀರಿಸಾಕ ಇಷ್ಟ್ ಅವಸರ ಏನಿತ್ತು ಈಕಿಗಿ. ಮಂದಿ ನೀರು ಬಂದದ, ಹಾಳು ಮಾಡಾಕ ಬರ್ತದೇನು?" ಬೈಯುತ್ತಲೇ ಕೊತ್ತಂಬರಿ ಬೀಜ ತಂದು ಆ ಬೀಳನ್ನು ಕೆದರಿ ಚೆಲ್ಲಿದಳು. ನಮ್ಮದೇ ನೀರು ಅಲ್ಲಿ ಎಷ್ಟು ಹರಿದರೂ ಆಕೆಗೆ ಏನೂ ಅನಿಸಿರಲಿಲ್ಲ. ಬೇರೆ ಮನೆಯ ನೀರನ್ನು ಹಾಳು ಮಾಡಲು ಆಗಲಿಲ್ಲ. ಇದು ಯಾಕೆ ಹೀಗೆ ಎಂದು ನನಗೆ ಇನ್ನೂ ತಿಳಿದಿಲ್ಲ, ನಿಮಗೆ ತಿಳಿದರೆ ಬರೆಯಬೇಡಿ. ನಾನೇ ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಕಟ್ಟಳೆ ಬದಲಾಗಿದೆ ಎಂದು ಯಾರೂ ಹೇಳಿಲ್ಲ. ಮಾವ ಬಾವಿಯ ಮಾತೇ ಎತ್ತುವುದಿಲ್ಲ. ಸಾಯಪ್ಪ ಕಾಕಾ ನನ್ನ ಕೂಡ ಮಾತು ಬಿಟ್ಟರು. ಅವರ ಭಯ ಸುಳ್ಳಲ್ಲ, ಬಾಯಿಮಾತಿನ ಮೇಲೆ ಕೊಟ್ಟ ನೀರಿಗೆ ಸಾಕ್ಷಿ ಯಾರಿದ್ದಾರೆ? ಅರಿಶಿಣ ಚೇತರಿಸಿಕೊಂಡಿದೆ, ಆದರೆ ತುದಿಯ ಮಡಿಗಳಿಗೆ ಇನ್ನೂ ನೀರು ಮುಟ್ಟಿಲ್ಲ. ಇನ್ನೆರಡು ಪಾಳಿ ತಪ್ಪಿದರೆ ಆ ಕಡೆಯದು ಹೋದ ಹಾಗೇ.

ನೀವು ಕರೆದುಕೊಂಡು ಹೋಗಲು ಬರಬೇಡಿ. ನಾನು ಬರುವುದಿಲ್ಲ. ಆ ಹಾಳೆ ಜೇಬಿನಲ್ಲಿ ಇಟ್ಟುಕೊಂಡು ಬಾವಿ ನೋಡಲು ಬರುವುದಾದರೆ ಬನ್ನಿ, ಅವ್ವನನ್ನೂ ಕರೆತನ್ನಿ. ಪರೀಕ್ಷೆಗೆ ಕೂಡುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ನೀವು ಇಲ್ಲ ಎಂದು ಓದುತ್ತೀರಿ. ಹಾಗೆ ಓದಬೇಡಿ. ಡೇರೆಯಲ್ಲಿ ಒಬ್ಬ ಕೇಳಿದ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ ಎಂದು ಬರೆಯಲೇ ಇಲ್ಲ. ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳಿದ್ದರೂ ನೀವು ಆ ಡೇರೆಯಲ್ಲಿಯೇ ಕೂತಿರುತ್ತಿದ್ದಿರಿ, ಅಲ್ಲವೇ? ನಾನೂ ಇಲ್ಲಿ ಹಾಗೇ ಕೂತಿದ್ದೇನೆ.

ಇಷ್ಟು ಬರೆದು ಮಡಚಿದ್ದೆ. ಈಗ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಇಂದು ಕಾಕಾನ ಪಾಳಿ. ಮಧ್ಯಾಹ್ನ ಕರೆಂಟ್ ಬಂತು. ಅವರ ಕಬ್ಬು ಕಟಾವಿಗೆ ಬಂದಿದೆ, ನೀರು ಕಟ್ಟಬಾರದು. ನಾನು ಬುಟ್ಟಿ ಹೊತ್ತು ಆ ಕಡೆಯಿಂದ ಬರುತ್ತಿದ್ದೆ. ಕಾಕಾ ಸ್ಟಾರ್ಟರ್ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಡಬ್ಬಿಯ ಮೇಲಿನ ಕೆಂಪು ದೀಪ ಉರಿಯುತ್ತಿತ್ತು. ಅವರು ಒತ್ತಲಿಲ್ಲ, ಎದ್ದು ಹೋಗಲೂ ಇಲ್ಲ. ಒಮ್ಮೆ ಕಬ್ಬಿನ ಕಡೆ ನೋಡುತ್ತಾರೆ, ಒಮ್ಮೆ ಅರಿಶಿಣದ ಕಡೆ ನೋಡುತ್ತಾರೆ, ಮತ್ತೆ ದೀಪವನ್ನು ನೋಡುತ್ತಾರೆ.

ಬುಟ್ಟಿ ಇಳಿಸಿ ಸ್ವಲ್ಪ ದೂರದಲ್ಲಿ ಕೂತೆ. ಏನೂ ಹೇಳಲಿಲ್ಲ. ನೀವಾಗಿದ್ದರೆ ಹೇಳಿಬಿಡುತ್ತಿದ್ದಿರಿ. ನನಗೂ ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ. ಅಷ್ಟು ವಯಸ್ಸಾದ ಮನುಷ್ಯನಿಗೆ ಅಪರೂಪಕ್ಕೆ ಒಂದು ಗೊಂದಲ ಬಂದಿತ್ತು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗದೆಯೇ, "ಏನ್ ಮಾಡ್ಬೇಕೋ ತಿಳೀವಲ್ದು" ಎಂದರು.

"ಹೌದ್ರಿ ಕಾಕಾ" ಎಂದೆ.

ಅವರು ಮೊಣಕಾಲಿನ ಮೇಲೆ ಕೈ ಊರಿ ಎದ್ದು ನಿಂತರು. "ಉಮಾಬಾಯಿನ ಕರಿ ಹೋಗು" ಎಂದರು.

ಕರೆದದ್ದು ಬೈಯಲಿಕ್ಕೋ ನೀರು ಕೊಡಲಿಕ್ಕೋ, ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ. ನಾನು ಕೇಳಲೂ ಇಲ್ಲ. ಬುಟ್ಟಿ ಅಲ್ಲೇ ಬಿಟ್ಟು ಓಡಿದೆ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾವಿಯ ಕಡೆ ಹೋಗಿದ್ದಾಳೆ. ನಾನು ಆಕೆಯ ಮನೆಯ ಕಟ್ಟೆಯ ಮೇಲೆ ಕೂತು ಈ ಸಾಲು ಬರೆಯುತ್ತಿದ್ದೇನೆ. ಮೋಟರಿನ ಸಪ್ಪಳ ಈಗ ಶುರುವಾಯಿತು. ನೀರು ಯಾವ ಕಡೆ ಹರಿಯುತ್ತಿದೆಯೋ ಇಲ್ಲಿಂದ ಕಾಣುವುದಿಲ್ಲ. ಜೀಪು ಬಂದಿದೆ, ಪತ್ರ ಕೊಟ್ಟು ನೋಡಲು ಹೋಗುತ್ತೇನೆ.

ಬಾಲಮಣಿ